ಒಬ್ಬಳೇ ಬಾದಾಮಿಗೆ ಹೋಗಬೇಕು ಅಂತಿದ್ದೇನೆ, ಹೋಗಿ ಬಂದ ಹೆಂಗಸರು ಹೇಳಿ

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನಗೆ 39 ವರ್ಷ. ಇಲ್ಲೇ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಜನವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿ ಬರಬೇಕು ಅಂತ ಆಸೆ. ಒಬ್ಬಳೇ. ನಮ್ಮ ಯಜಮಾನರಿಗೆ ಹಳೇ ಗುಡಿ, ಶಾಸನ ಅಂದರೆ ಆಕಳಿಕೆ ಬರುತ್ತದೆ. ಅವರು "ಹೋಗಿ ಬಾ" ಅಂದಿದ್ದಾರೆ. ತಕರಾರು ಇರುವುದು ಅತ್ತೆಯವರದ್ದು. "ಏನೂ ಕೆಲಸ ಇಲ್ಲದೆ ಹೆಂಗಸು ಒಬ್ಬಳೇ ಊರು ಸುತ್ತೋದಾ?" ಅಂತ. ಆಡಿಟ್ ಕೆಲಸಕ್ಕೆ ಹುಬ್ಬಳ್ಳಿಗೆ ಒಬ್ಬಳೇ ಹೋಗಿ ರಾತ್ರಿ ಉಳಿದು ಬಂದಾಗ ಇದೇ ಅತ್ತೆ ದಾರಿಗೆ ಚಪಾತಿ ಕಟ್ಟಿ ಕೊಟ್ಟಿದ್ದರು!

ಲಾಡ್ಜಿನಲ್ಲಿ ಒಬ್ಬಳೇ ಅಂದರೆ ರೂಂ ಕೊಡುತ್ತಾರಾ? ಅಲ್ಲಿನ ಹಳ್ಳಿ ಬಸ್ಸುಗಳಲ್ಲಿ ಓಡಾಡಬಹುದಾ? ಇನ್ನೊಂದು ಕೇಳೋಕೆ ಸಂಕೋಚ. ಒಬ್ಬರೇ ಹೋದರೆ ಬೇಜಾರಾಗಲ್ವಾ? ಎದುರಿಗೆ ಯಾರೂ ಇಲ್ಲದೆ ಹೋಟೆಲಿನಲ್ಲಿ ಕೂತು ಊಟ ಮಾಡಿ ನನಗೆ ಅಭ್ಯಾಸವೇ ಇಲ್ಲ.

ಇಳಕಲ್ ಸೆರಗು, ಬಾಗಲಕೋಟೆ

ಬರ್ರಿ ಅಕ್ಕಾರ, ನಮ್ಮ ಕಡೆ ಬರೋಕೆ ಜನವರಿ ಒಳ್ಳೆಯ ಕಾಲ. ಏಪ್ರಿಲ್‌ನಲ್ಲಿ ಬಂದರೆ ಆ ಕೆಂಪು ಕಲ್ಲಿನ ಕಾವಿಗೆ ಬೆಂದು ಹೋಗುತ್ತೀರಿ. ಆದರೆ ಒಂದು ಮಾತು. ಬನದ ಹುಣ್ಣಿಮೆಗೆ ಬಾದಾಮಿ ಪಕ್ಕದ ಬನಶಂಕರಿ ಗುಡಿಯ ಜಾತ್ರೆ ಇರುತ್ತದೆ. ತೇರಿನ ಮುಂದೆ ಹಿಂದೆ ಬಾದಾಮಿಯಲ್ಲಿ ರೂಂ ಸಿಗುವುದು ಕಷ್ಟ. ಹುಣ್ಣಿಮೆ ಯಾವತ್ತು ಅಂತ ಮೊದಲು ಕ್ಯಾಲೆಂಡರ್ ನೋಡಿ.

ಶಿವಮೊಗ್ಗದಿಂದ ಹುಬ್ಬಳ್ಳಿಗೆ ಬಸ್ಸು. ಅಲ್ಲಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮೇಲೆ ಬಾದಾಮಿ. ರೈಲಾದರೆ ಗದಗ ಮೇಲೆ ಬರುತ್ತದೆ. ರೈಲು ನಿಲ್ದಾಣ ಊರಿಂದ ಸುಮಾರು ಐದು ಕಿ.ಮೀ. ದೂರ, ಹಾಗಾಗಿ ನಸುಕಿನಲ್ಲಿ ಬಂದಿಳಿಯುವ ರೈಲು ಬೇಡ. ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೊಂದು 13-14. ಬಸ್ಸು ಇವೆ, ಆದರೆ ನೀವು ಅಂದುಕೊಂಡಷ್ಟು ಇಲ್ಲ. ಇಳಿಯುವಾಗಲೇ ಕಂಡಕ್ಟರ್ ಹತ್ತಿರ "ವಾಪಸ್ ಕೊನೇ ಬಸ್ ಎಷ್ಟೊತ್ತಿಗೆ?" ಅಂತ ಕೇಳಿಕೊಳ್ಳಿ. ಐಹೊಳೆ ಇರುವ ದಿನ ಒಂದು ಆಟೋ ಮಾತಾಡಿಕೊಳ್ಳುವುದು ಒಳ್ಳೆಯದು. ಆಟೋ ನೀವೇ ಹುಡುಕಬೇಡಿ, ಉಳಿದುಕೊಂಡ ಕಡೆಯವರಿಂದಲೇ ಹೇಳಿಸಿ. ಆಗ ಅವನಿಗೂ ಜವಾಬ್ದಾರಿ ಇರುತ್ತದೆ.

ಲಾಡ್ಜಿಗೆ ಫೋನ್ ಮಾಡಿದಾಗಲೇ "ಒಬ್ಬಳೇ ಬರುತ್ತೇನೆ" ಅಂತ ಸ್ಪಷ್ಟವಾಗಿ ಹೇಳಿ. ಬೇಡ ಅನ್ನುವವರು ಅಲ್ಲೇ ಅನ್ನಲಿ. ಸಂಜೆ ಆರಕ್ಕೆ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಾಗ ಅನ್ನಿಸಿಕೊಳ್ಳುವುದು ಬೇಡ. ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಇದೆ, ದುಡ್ಡು ಸ್ವಲ್ಪ ಜಾಸ್ತಿ.

ಬಿಳಿ ಚಾಕ್‌ಪೀಸ್, ಯಾದಗಿರಿ

ನಿಮ್ಮ ಅತ್ತೆಯವರ ಚಪಾತಿ ವಿಷಯ ಓದಿ ನಗು ಬಂತು, ಆಮೇಲೆ ನಗು ನಿಂತಿತು.

ನಾನು ಶಾಲೆ ಟೀಚರ್. ಊರು ತುಮಕೂರು ಕಡೆ. ಕೆಲಸಕ್ಕೆ ಸೇರಿದಾಗ ಪೋಸ್ಟಿಂಗ್ ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ಮದುವೆಯಾಗಿರಲಿಲ್ಲ. ಹಬ್ಬಕ್ಕೆ ಊರಿಗೆ ಹೋಗಿ ಬರುವಾಗೆಲ್ಲ ರಾತ್ರಿ ಬಸ್ಸು, ರಾತ್ರಿ ರೈಲು. ಬೆಳಗಿನ ಜಾವ ಇಳಿದು, ಬಸ್‌ಸ್ಟ್ಯಾಂಡ್ ಬೆಂಚಿನ ಮೇಲೆ ಕೂತು, ಮೊದಲ ಹಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ನಮ್ಮಪ್ಪ ಒಂದು ಸಲವೂ ಬೇಡ ಅನ್ನಲಿಲ್ಲ. ಅದನ್ನು ಯಾರೂ ಧೈರ್ಯ ಅಂತಲೂ ಹೊಗಳಲಿಲ್ಲ, ಡ್ಯೂಟಿ ಅಂದರು ಅಷ್ಟೆ. ಅದೇ ನಾನು ಒಂದು ದಸರಾ ರಜೆಯಲ್ಲಿ "ಊರಿಗೆ ಬರುವ ಮೊದಲು ಬೀದರ್ ಕೋಟೆ ನೋಡಿಕೊಂಡು ಬರುತ್ತೇನೆ" ಅಂದಿದ್ದಕ್ಕೆ ಮನೆಯಲ್ಲಿ ಪಂಚಾಯಿತಿ ಸೇರಿತು.

ರಸ್ತೆ ಅದೇ, ಬಸ್ಸು ಅದೇ, ಕತ್ತಲೂ ಅದೇ. ಸಂಬಳ, ಬಾಣಂತನ, ಆಸ್ಪತ್ರೆ, ಸಾವು ಅಂದರೆ ಹೆಂಗಸು ಒಬ್ಬಳೇ ಎಲ್ಲಿಗಾದರೂ ಹೋಗಬಹುದು. ಖುಷಿಗೆ ಅಂದ ಕೂಡಲೇ ಭಯ ಶುರು. ನೂರಕ್ಕೆ ನೂರು ಹೀಗೇ ಅಂತಲ್ಲ, ನಿಜವಾದ ಭಯವೂ ಇದೆ. ಆದರೆ ಮನೆಯವರು ಹೇಳುವ ಭಯದಲ್ಲಿ ಎಷ್ಟು ಪಾಲು ರಸ್ತೆಯದ್ದು, ಎಷ್ಟು ಪಾಲು ನಮ್ಮ ಖುಷಿಯದ್ದು ಅಂತ ಒಮ್ಮೆ ಬೇರೆ ಮಾಡಿ ನೋಡಿ.

ಸುಮ್ನೆ ಒಬ್ಬ, ಬೆಂಗಳೂರು

ಹೆಂಗಸರ ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನನಗೂ ತಂಗಿ ಇದ್ದಾಳೆ. 2025ರ ಮಾರ್ಚಿನಲ್ಲಿ ಹಂಪಿ ಹತ್ತಿರ ಸಾಣಾಪುರದಲ್ಲಿ ರಾತ್ರಿ ಹೊತ್ತು ಪ್ರವಾಸಿಗರ ಮೇಲೆ ನಡೆದ ದಾಳಿ, ಅತ್ಯಾಚಾರವನ್ನು ಮರೆತು ಇಷ್ಟು ಸಲೀಸಾಗಿ ಮಾತಾಡುವುದು ಸರಿಯಾ? ಜೊತೆಗೆ ಒಬ್ಬರು ಇದ್ದರೆ ಒಳ್ಳೆಯದು ಅನ್ನುವುದು ಹಳೇ ಕಾಲದ ಮಾತೇನಲ್ಲ.

ಕಡಲಹಕ್ಕಿ, ಕಾರವಾರ

ಅಣ್ಣಾ, ಸಾಣಾಪುರವನ್ನು ಇಲ್ಲಿ ಯಾರೂ ಮರೆತಿಲ್ಲ. ಆದರೆ ಅಲ್ಲಿ ಆ ರಾತ್ರಿ ಹೆಂಗಸರು ಒಬ್ಬಂಟಿಯಾಗಿರಲಿಲ್ಲ. ಜೊತೆಯಲ್ಲಿ ಮೂವರು ಗಂಡಸರಿದ್ದರು. ಅವರನ್ನು ಕಾಲುವೆಗೆ ತಳ್ಳಿದರು, ಒಬ್ಬರ ಪ್ರಾಣವೇ ಹೋಯಿತು. ಹಾಗಾಗಿ ಅದು "ಜೊತೆಗೆ ಗಂಡಸಿದ್ದರೆ ಸಾಕು" ಅನ್ನುವುದಕ್ಕೆ ಉದಾಹರಣೆ ಆಗುವುದಿಲ್ಲ. ಅದರ ಹೊಣೆ ಮಾಡಿದವರದ್ದು, ನಕ್ಷತ್ರ ನೋಡೋಕೆ ಕೂತವರದ್ದಲ್ಲ.

ನಾನು ಒಬ್ಬಳೇ ಓಡಾಡುತ್ತೇನೆ. ಭಯ ಇಲ್ಲ ಅಂತ ಬಡಾಯಿ ಕೊಚ್ಚಲ್ಲ. ಗೋಕರ್ಣದಲ್ಲಿ ಕುಡ್ಲೆ ಕಡೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿ ಇದೆಯಲ್ಲ, ಅಲ್ಲಿ ಒಬ್ಬ ಹಿಂದೆ ಬಿದ್ದ. ನಾನು ನಿಂತರೆ ಅವನೂ ನಿಲ್ಲುತ್ತಾನೆ. ಮೊದಲು ನಾನು ಏನು ಮಾಡಿದೆ ಗೊತ್ತಾ? ನಕ್ಕೆ! ಚಿಕ್ಕಂದಿನಿಂದ ಕಲಿಸಿದ್ದಾರಲ್ಲ, ಗೊತ್ತಿಲ್ಲದವರ ಮುಂದೆ ಮುಖ ಗಂಟು ಹಾಕಿಕೊಳ್ಳಬಾರದು ಅಂತ. ಆಮೇಲೆ ತಿರುಗಿ ನಿಂತು ಜೋರಾಗಿ "ಏನು? ಯಾಕೆ ಹಿಂದೆ ಬರ್ತಿದ್ದೀಯ?" ಅಂತ ಕೇಳಿದೆ. ಕೆಳಗೆ ಅಂಗಡಿಯಲ್ಲಿದ್ದ ಹೆಂಗಸು ತಲೆ ಎತ್ತಿ ನೋಡಿದರು. ಅವನು ಬಂದ ದಾರಿಯಲ್ಲೇ ವಾಪಸ್ ಹೋದ. ನನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಈಗ ಆಫೀಸಿನಲ್ಲೂ ಅದು ಉಪಯೋಗಕ್ಕೆ ಬರುತ್ತಿದೆ, ಬೇರೆ ಮಾತು.

ಅವತ್ತಿನಿಂದ ಒಂದು ರೂಢಿ. ಹೊಸ ಊರಿಗೆ ಬೆಳಕಿರುವಾಗಲೇ ತಲುಪುವುದು. ಕತ್ತಲಾದ ಮೇಲೆ ಜನ ಇರುವ ಜಾಗದಲ್ಲೇ ಇರುವುದು. ಏನೇ ಆದರೂ ತುರ್ತು ಸಹಾಯದ 112ಕ್ಕೆ ಫೋನ್. ಇದು ಅನ್ಯಾಯ ಅಂತ ನನಗೂ ಗೊತ್ತು. ಗಂಡಸರು ರಾತ್ರಿ ಹನ್ನೊಂದಕ್ಕೆ ಬೀಚಿನಲ್ಲಿ ಮಲಗಿರುತ್ತಾರೆ. ಸಿಟ್ಟು ಬರುತ್ತದೆ, ಆದರೂ ಟಾರ್ಚ್ ಹಿಡಿದುಕೊಂಡು ಏಳೂವರೆಗೆ ರೂಮಿಗೆ ಬರುತ್ತೇನೆ.

ಗುಬ್ಬಚ್ಚಿ, ದಾವಣಗೆರೆ

ಕಡಲಹಕ್ಕಿ ಅಕ್ಕ, ಸೂಪರ್. ನನಗೆ 23. ಬಸ್ಸಿನಲ್ಲಿ ಪಕ್ಕದವರು "ಒಬ್ಬಳೇನಾ? ಜೊತೆಗೆ ಯಾರೂ ಇಲ್ವಾ?" ಅಂತ ಕೇಳೇ ಕೇಳುತ್ತಾರೆ. ನಾನು "ಅಣ್ಣ ಬಸ್‌ಸ್ಟ್ಯಾಂಡಿಗೆ ಬರ್ತಾನೆ" ಅಂತ ಬಿಡುತ್ತೇನೆ. ನನಗೆ ಅಣ್ಣ ಇಲ್ಲ. ನೀವೆಲ್ಲ ಏನು ಹೇಳುತ್ತೀರಿ?

ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಾಕುವವರಿಗೆ ಒಂದು ಮಾತು. ಅದು ಒಂದು ಸಲ ಹಾಕಿದರೆ ಹೆಚ್ಚೆಂದರೆ 8 ಗಂಟೆ. ಆಮೇಲೆ ತಾನೇ ನಿಲ್ಲುತ್ತದೆ. ಇದನ್ನು ಅಮ್ಮನಿಗೆ ಮೊದಲೇ ಹೇಳಿಟ್ಟಿರಿ. ಇಲ್ಲಾಂದ್ರೆ ಚುಕ್ಕಿ ಮಾಯವಾಯ್ತು ಅಂತ ಊರಲ್ಲಿ ಗಲಾಟೆ ಎದ್ದಿರುತ್ತದೆ, ನೀವು ಇಲ್ಲಿ ಗಿರ್‌ಮಿಟ್ ತಿನ್ನುತ್ತಾ ಕೂತಿರುತ್ತೀರಿ.

ಬಿಳಿ ಚಾಕ್‌ಪೀಸ್, ಯಾದಗಿರಿ

ಕೇಳುವವರು ಅಜ್ಜಿಯೋ ಅಕ್ಕನೋ ಆದರೆ ನಿಜ ಹೇಳುತ್ತೇನೆ. ಅರ್ಧ ಗಂಟೆಯಲ್ಲಿ ಅವರೇ ನಮ್ಮ ಕಾವಲಾಗಿಬಿಡುತ್ತಾರೆ, ಕಿಟಕಿ ಸೀಟೂ ಕೊಡುತ್ತಾರೆ. ಗಂಡಸರು ಕೇಳಿದರೆ ನನಗೂ ಅಣ್ಣ ಇದ್ದಾನೆ. ನನ್ನ ಅಣ್ಣ ಪೊಲೀಸ್ ಇಲಾಖೆಯಲ್ಲಿದ್ದಾನೆ.

ಇಳಕಲ್ ಸೆರಗು, ಬಾಗಲಕೋಟೆ

ಹಹ್ಹ. ನಮ್ಮ ಅವ್ವನ ಕಾಲದವರು ಸೀರೆಗೆ ಒಂದು ಪಿನ್ನು ಜಾಸ್ತಿ ಚುಚ್ಚಿಕೊಂಡು ಬಸ್ ಹತ್ತುತ್ತಿದ್ದರು. ಒತ್ತಿಕೊಂಡು ನಿಲ್ಲುವವನಿಗೆ ಮಾತಿಲ್ಲ ಕತೆಯಿಲ್ಲ, ಪಿನ್ನಿನ ಪೂಜೆ.

ಸಂಪಿಗೆ ಮರ, ಮೈಸೂರು

ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ನನಗೆ 61. ಬ್ಯಾಂಕಿನಿಂದ ನಿವೃತ್ತಿ. ನಮ್ಮವರು ಹೋಗಿ ಕೆಲವು ವರ್ಷ ಆಯಿತು. ಮಕ್ಕಳು ಒಳ್ಳೆಯವರು. ಕಾರಿನಲ್ಲಿ ಎಲ್ಲ ಕಡೆ ಕರೆದುಕೊಂಡು ಹೋಗುತ್ತಾರೆ. ಆದರೆ ಕಾರು ನಿಲ್ಲಿಸಿ, ಇಳಿದು, ಫೋಟೋ ತೆಗೆದು, "ಅಮ್ಮ, ಹೊರಡೋಣ್ವಾ?" ಅನ್ನುತ್ತಾರೆ. ಬಾದಾಮಿಯನ್ನೂ ಹಾಗೇ ಒಂದು ಸಲ ತೋರಿಸಿದ್ದರು. ಮೆಟ್ಟಿಲು ಹತ್ತುವಾಗ ಇಬ್ಬರೂ ನನ್ನ ಕೈ ಹಿಡಿದುಕೊಂಡಿದ್ದರು. ಗುಹೆಗಿಂತ ಜಾಸ್ತಿ ನನ್ನ ಕಾಲನ್ನೇ ನೋಡುತ್ತಿದ್ದರು.

ಕಳೆದ ವರ್ಷ ನಾನೇ ಹೋದೆ. ಮಗಳ ಮನೆಗೆ ಹುಬ್ಬಳ್ಳಿಗೆ ಹೋದವಳು ಅಲ್ಲಿಂದ ಬೆಳಗಿನ ಬಸ್ಸು ಹಿಡಿದೆ. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ಎಷ್ಟು ಹೊತ್ತು ನಿಂತೆನೋ. ಒಂದೊಂದೇ ಕೈ ನೋಡಿದೆ. ಯಾವ ಎರಡು ಕೈ ಜೋಡಿಸಿದರೂ ಒಂದು ಭಂಗಿ ಆಗುತ್ತದೆ ಅಂತ ಅಲ್ಲಿದ್ದ ಗೈಡ್ ಬೇರೆಯವರಿಗೆ ಹೇಳುತ್ತಿದ್ದ, ನಾನೂ ಬಿಟ್ಟಿಯಾಗಿ ಕೇಳಿಸಿಕೊಂಡೆ. ಮೂರನೇ ಗುಹೆಯಲ್ಲಿ ಮಂಗಳೇಶ ಬರೆಸಿದ ಶಾಸನ ಇದೆ, ಕ್ರಿ.ಶ. 578ರದ್ದು. ಮೆಟ್ಟಿಲು ನಿಧಾನಕ್ಕೆ ಹತ್ತಿದೆ, ಸುಸ್ತಾದರೆ ಕೂತೆ. ನನ್ನ ಮಂಡಿ ಎಷ್ಟು ತಡೆಯುತ್ತದೆ ಅಂತ ನನಗೇ ಅವತ್ತು ಗೊತ್ತಾಗಿದ್ದು. ಮಕ್ಕಳು ಅಂದುಕೊಂಡಿದ್ದಕ್ಕಿಂತ ಜಾಸ್ತಿ ತಡೆಯುತ್ತದೆ. (ಕೋತಿಗಳ ಬಗ್ಗೆ ಎಚ್ಚರ. ಪ್ಲಾಸ್ಟಿಕ್ ಕವರ್ ಕಂಡರೆ ಕಿತ್ತುಕೊಳ್ಳುತ್ತವೆ.)

ಪಟ್ಟದಕಲ್ಲಿನಲ್ಲಿ ಮಾತ್ರ ದುಡ್ಡು ಕೊಟ್ಟು ಗೈಡ್ ಮಾಡಿಕೊಂಡೆ, ಅದು ಸಾರ್ಥಕ. ವಿರೂಪಾಕ್ಷ ದೇವಾಲಯ ಕಟ್ಟಿಸಿದ್ದು ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಕಂಚಿ ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ದೇವಾಲಯ ಕಟ್ಟಿಸಿದ್ದು ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ. ಇಬ್ಬರೂ ಅಕ್ಕತಂಗಿಯರು. ಮಕ್ಕಳ ಜೊತೆ ಬಂದಾಗಲೂ ಯಾರೋ ಇದನ್ನು ಹೇಳಿರಬಹುದು. ನನ್ನ ಕಿವಿಗೆ ಬಿದ್ದಿರಲಿಲ್ಲ.

ತುಂಗಾತೀರ ಅವರೇ, ಊಟದ ವಿಷಯ ಕೇಳಿದಿರಲ್ಲ. ಬನಶಂಕರಿ ಗುಡಿಯ ಮುಂದೆ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಚಟ್ನಿ, ಕುಡಿಕೆಯಲ್ಲಿ ಗಟ್ಟಿ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ನೆಲದ ಮೇಲೆ ಕೂತು ಉಣ್ಣುವುದು. ಅಲ್ಲಿ ಒಬ್ಬರೇ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ನನಗೆ ಬಡಿಸಿದಾಕೆ ನನ್ನ ಹಣೆ ನೋಡಿದಳು, ಕೊರಳು ನೋಡಿದಳು. "ಒಬ್ಬರೇ ಬಂದೀರೇನ್ರಿ ಅಮ್ಮಾ?" ಅಂದಳು. ಹೌದು ಅಂದೆ. ಅಯ್ಯೋ ಪಾಪ ಅಂತಾಳೆ ಅಂದುಕೊಂಡೆ. "ಚೊಲೊ ಆತು ಬಿಡ್ರಿ, ಇನ್ನೊಂದು ರೊಟ್ಟಿ ಹಾಕ್ಲ್ಯಾ?" ಅಂದಳು. ಆಕೆಯೂ ನನ್ನ ಹಾಗೆಯೇ ಅಂತ ಆಮೇಲೆ ತಿಳಿಯಿತು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬುಟ್ಟಿ ಹೊತ್ತು, ದಿನಾ ಒಬ್ಬಳೇ ಬಂದು ಹೋಗುತ್ತಾಳೆ. ನಾನು ಒಂದು ದಿನ ಬಂದಿದ್ದಕ್ಕೆ ಮೈಸೂರಿನಲ್ಲಿ ನಾಲ್ಕು ಜನಕ್ಕೆ ಉತ್ತರ ಕೊಡಬೇಕಾಗಿತ್ತು.

ಬೇಜಾರಾಗಲ್ವಾ ಅಂತ ಕೇಳಿದ್ದೀರಿ. ಆಗುತ್ತದೆ. ಸಂಜೆ ಹೊತ್ತು ಆಗುತ್ತದೆ, ರೂಮಿಗೆ ಬಂದು ಬೀಗ ತೆಗೆದಾಗ. ಅದನ್ನು ಮುಚ್ಚಿಡುವುದು ಬೇಡ. ನಾನು ಮಗಳಿಗೆ ಫೋನ್ ಮಾಡಲಿಲ್ಲ, ಕೆಳಗೆ ಹೋಗಿ ಚಹಾ ಕುಡಿದು ಬಂದೆ. ಸ್ವಲ್ಪ ಹೊತ್ತಿಗೆ ಕಡಿಮೆಯಾಯಿತು.

ತುಂಗಾತೀರ, ಶಿವಮೊಗ್ಗ

ಸಂಪಿಗೆ ಮರ ಅಮ್ಮ, ನೀವು ಬರೆದದ್ದನ್ನು ಅತ್ತೆಯವರಿಗೆ ಓದಿ ಹೇಳಿದೆ. "ಅವರಿಗೆ ವಯಸ್ಸಾಗಿದೆ, ನಡೆಯುತ್ತೆ" ಅಂದರು. ಹಾಗಾದರೆ ನೀವೂ ಹೊರಡಿ ಅಂದೆ. ಮಾತಾಡಲಿಲ್ಲ.

ಅರಳೀಕಟ್ಟೆ, ಹಾಸನ

ಅತ್ತೆಯವರನ್ನು ಬಿಡಬೇಡಿ, ಅವರೂ ಹೊರಡುತ್ತಾರೆ! ನಮ್ಮಮ್ಮನ ಕತೆ ಕೇಳಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ. ಅಲ್ಲಿಯವರೆಗೆ ಅಮ್ಮ ತವರಿಗೆ ಹೋಗಬೇಕೆಂದರೂ ಅಪ್ಪನ ಹತ್ತಿರ ಬಸ್ ಚಾರ್ಜಿಗೆ ಕೈ ಒಡ್ಡಬೇಕಿತ್ತು. ಅಪ್ಪ ಜಿಪುಣರಲ್ಲ, ಕೊಡುತ್ತಿದ್ದರು. ಆದರೆ ಕೇಳಿದಾಗ "ಯಾಕೆ, ಯಾವಾಗ, ಎಷ್ಟು ದಿನ" ಎಲ್ಲಾ ಬರುತ್ತಿತ್ತು. ಈಗ ಅಮ್ಮ ಆಧಾರ್ ಕಾರ್ಡ್ ಪರ್ಸಿಗೆ ಹಾಕಿಕೊಂಡು "ಧರ್ಮಸ್ಥಳಕ್ಕೆ ಹೋಗಿ ಬರ್ತೀನಿ" ಅಂತ ಹೇಳಿ ಹೊರಡುತ್ತಾರೆ. ಹೇಳಿ ಹೊರಡುತ್ತಾರೆ, ಕೇಳಿ ಅಲ್ಲ. ಮೊದಮೊದಲು ಪಕ್ಕದ ಮನೆಯವರ ಜೊತೆ ಹೋಗುತ್ತಿದ್ದರು. ಈಗ "ಅವಳು ದಾರಿಯುದ್ದಕ್ಕೂ ಸೊಸೆಯನ್ನು ಬೈತಾಳೆ, ನಂಗೆ ತಲೆನೋವು" ಅಂತ ಒಬ್ಬರೇ ಹೋಗುತ್ತಾರೆ.

ಬಿಟ್ಟಿ ಪ್ರಯಾಣ ಅಂತ ಹಂಗಿಸುವವರಿಗೆ ನಾನು ಇದನ್ನೇ ಹೇಳುವುದು. ಟಿಕೆಟ್ಟಿನ ದುಡ್ಡಿಗಿಂತ ಆ ದುಡ್ಡು ಕೇಳುವಾಗಿನ ಹಿಂಜರಿಕೆ ದೊಡ್ಡದಾಗಿತ್ತು.

ಉಪಯೋಗಕ್ಕೆ ಬರುವ ಮಾತೂ ಹೇಳುತ್ತೇನೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಶಕ್ತಿ ಇಲ್ಲ. ರಾಜ್ಯದ ಗಡಿ ದಾಟುವ ಬಸ್ಸಿಗೂ ಇಲ್ಲ. ಶೂನ್ಯ ಟಿಕೆಟ್ ಕೇಳಿ ಪಡೆದು ಇಟ್ಟುಕೊಳ್ಳಿ, ಚೆಕಿಂಗ್ ಬಂದರೆ ಬೇಕು. ಸಾಮಾನ್ಯ ಬಸ್ಸು ಊರೂರಿಗೆ ನಿಲ್ಲುತ್ತದೆ. ಕತ್ತಲಾಗುವ ಹಾಗಿದ್ದರೆ ದುಡ್ಡು ಕೊಟ್ಟು ಬೇಗ ಹೋಗುವ ಬಸ್ಸು ಹತ್ತಿ. ಅಲ್ಲಿ ಉಳಿತಾಯ ನೋಡಬೇಡಿ.

ಕಿಟಕಿ ಸೀಟು, ಬೆಂಗಳೂರು

ರೈಲಿನ ವಿಷಯ ನಾನು ಹೇಳುತ್ತೇನೆ, ನನ್ನ ಪ್ರೀತಿಯ ವಿಷಯ. ದೂರದ ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್ ಕ್ಲಾಸಿನಲ್ಲಿ ಹೆಂಗಸರಿಗೆ ಅಂತ ಆರು ಬರ್ತ್‌ಗಳ ಕೋಟಾ ಇದೆ. ಬುಕ್ ಮಾಡುವಾಗ ಲೇಡೀಸ್ ಕೋಟಾ ಅಂತ ಆರಿಸಬೇಕು. ಜನರಲ್‌ನಲ್ಲಿ ವೇಟಿಂಗ್ ಇದ್ದರೂ ಎಷ್ಟೋ ಸಲ ಇಲ್ಲಿ ಸಿಗುತ್ತದೆ. 45 ದಾಟಿದವರಿಗೆ ಕೆಳಗಿನ ಬರ್ತ್ ಕೊಡಲು ಬೇರೆ ಕೋಟಾ ಇದೆ.

ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ. 1989ರ ರೈಲ್ವೆ ಕಾಯ್ದೆಯ 139ನೇ ಸೆಕ್ಷನ್ ಪ್ರಕಾರ, ಗಂಡಸರ ಜೊತೆಯಿಲ್ಲದ ಹೆಂಗಸಿನ ಹತ್ತಿರ ಟಿಕೆಟ್ ಇಲ್ಲದಿದ್ದರೂ ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಆಕೆ ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರ, ಇಷ್ಟರಲ್ಲೇ ಇಳಿಸಬೇಕು, ಅದೂ ಹಗಲಲ್ಲಿ. ಟಿಕೆಟ್ ಇಲ್ಲದೆ ಹತ್ತಿ ಅಂತಲ್ಲ ಮತ್ತೆ! ರೈಲ್ವೆ ಸಹಾಯವಾಣಿಯೂ 139, ನೆನಪಿಡೋಕೆ ಸುಲಭ.

ಯಾವ ಊರಿನಲ್ಲಾದರೂ ಲಾಡ್ಜಿನವರು "ಲೇಡೀಸ್ ಒಬ್ಬರಿಗೆ ಕೊಡಲ್ಲ" ಅಂದರೆ ರೈಲು ನಿಲ್ದಾಣದ ರಿಟೈರಿಂಗ್ ರೂಂ ಇದೆಯಾ ನೋಡಿ. ಟಿಕೆಟ್‌ನ ಪಿಎನ್ಆರ್ ನಂಬರ್ ಬೇಕು, ಅದೂ ಕನ್ಫರ್ಮ್ ಅಥವಾ ಆರ್‌ಎಸಿ ಆಗಿರಬೇಕು. ಕೆಲವು ದೇವಸ್ಥಾನಗಳ ವಸತಿಗೃಹಗಳಲ್ಲೂ ಒಬ್ಬರಿಗೆ ರೂಂ ಇಲ್ಲ ಅನ್ನುತ್ತಾರೆ. ನನಗೂ ಒಂದು ಕಡೆ ಅಂದಿದ್ದರು. ಕಾರಣ ಕೇಳಿದರೆ "ಏನಾದ್ರೂ ಮಾಡ್ಕೊಂಡ್ರೆ ನಮ್ಮ ತಲೆಗೆ ಬರುತ್ತೆ" ಅಂದರು. ಒಬ್ಬಳೇ ಬಂದವಳು ಸಾಯೋಕೇ ಬಂದಿರಬೇಕು ಅಂತ ಲೆಕ್ಕ. ದೇವರ ದರ್ಶನಕ್ಕೆ ಬಂದಿರಬಹುದು ಅಂತ ಹೊಳೆಯಲೇ ಇಲ್ಲ ಅವರಿಗೆ.

ಗುಬ್ಬಚ್ಚಿ, ದಾವಣಗೆರೆ

ಎಲ್ಲರೂ ಬಿಟ್ಟ ವಿಷಯ ನಾನು ಕೇಳುತ್ತೇನೆ. ಬಾತ್‌ರೂಂ??

ಕಡಲಹಕ್ಕಿ, ಕಾರವಾರ

ಕೇಳಿದ್ದು ಒಳ್ಳೆಯದಾಯಿತು. ನೀರು ಕುಡಿಯದೆ ತಡೆದುಕೊಂಡು ಕೂರಬೇಡ ತಂಗಿ, ಉರಿಮೂತ್ರ ಬಂದರೆ ಟ್ರಿಪ್ಪೂ ಹೋಯಿತು ರಜೆಯೂ ಹೋಯಿತು. ದೊಡ್ಡ ಬಸ್‌ಸ್ಟ್ಯಾಂಡು, ಪೆಟ್ರೋಲ್ ಬಂಕು, ಸ್ವಲ್ಪ ನೀಟಾದ ಹೋಟೆಲು ಕಂಡಲ್ಲೆಲ್ಲ ಹೋಗಿ ಬಾ, ಬಂದಿಲ್ಲದಿದ್ದರೂ. ಬಸ್ಸು ನಿಂತಾಗ ಕಂಡಕ್ಟರಿಗೆ ಹೇಳಿ ಇಳಿ. ಬಿಟ್ಟು ಹೋಗುವುದಿಲ್ಲ. ಚಿಲ್ಲರೆ, ಸೋಪಿನ ಹಾಳೆ, ಒಂದು ಹಳೇ ದುಪಟ್ಟಾ ಇರಲಿ. ಆ ದಿನಗಳಲ್ಲಿ ಹೋಗಬೇಕಾದರೆ ಪ್ಯಾಡ್ ಊರಿಂದಲೇ ತೆಗೆದುಕೊಂಡು ಹೋಗು, ಐಹೊಳೆಯಲ್ಲಿ ಅಂಗಡಿ ಹುಡುಕುತ್ತಾ ನಿಲ್ಲಬೇಡ.

ಇಳಕಲ್ ಸೆರಗು, ಬಾಗಲಕೋಟೆ

ಬಾದಾಮಿಗೆ ಬಂದವರು ಕಪ್ಪೆ ಅರಭಟ್ಟ ಅನ್ನುವ ವೀರನ ಶಾಸನ ನೋಡದೆ ಹೋಗಬೇಡಿ. ಅಗಸ್ತ್ಯತೀರ್ಥ ಕೆರೆಯ ಆಚೆ, ಬಂಡೆಯ ಮೇಲೆ ಇದೆ. ಸುಮಾರು ಏಳನೇ ಶತಮಾನದ ಕೊನೆಯದು, ಕನ್ನಡದ ಹಳೇ ತ್ರಿಪದಿ. ಸಾಧುವಿಗೆ ಸಾಧು, ಮಧುರವಾಗಿ ಇರುವವರಿಗೆ ಮಧುರ, ಬಾಧೆ ಕೊಡುವವನನ್ನು ಮಾತ್ರ ಸುಮ್ಮನೆ ಬಿಡುವವನಲ್ಲ ಅನ್ನುವ ಅರ್ಥ. ಕಡಲಹಕ್ಕಿಯವರು ಗೋಕರ್ಣದ ಗುಡ್ಡದಲ್ಲಿ ಮಾಡಿದ್ದೂ ಅದನ್ನೇ. ಜನ ಕಡಿಮೆ ಇರುವ ಜಾಗ. ಬೆಳಗ್ಗೆ ಕೆರೆಯಲ್ಲಿ ಬಟ್ಟೆ ಒಗೆಯುವವರು ಇರುವ ಹೊತ್ತಿಗೆ ಹೋಗಿ ಬನ್ನಿ.

ತುಂಗಾತೀರ, ಶಿವಮೊಗ್ಗ

ಎಲ್ಲವನ್ನೂ ನೋಟ್‌ಬುಕ್ಕಿಗೆ ಬರೆದುಕೊಂಡೆ. ಹುಣ್ಣಿಮೆ ಕಳೆದು ಒಂದು ವಾರಕ್ಕೆ ಹೊರಡುತ್ತೇನೆ, ರೂಂ ಬುಕ್ ಆಯಿತು. ಫೋನಿನಲ್ಲಿ "ಒಬ್ಬಳೇ" ಅಂದಾಗ ಆ ಕಡೆಯವರು "ಆಯ್ತು ಮೇಡಂ, ಊಟ ವೆಜ್ಜಾ ನಾನ್‌ವೆಜ್ಜಾ?" ಅಂತಷ್ಟೇ ಕೇಳಿದರು. ನಾನು ಏನೇನೋ ಉತ್ತರ ತಯಾರು ಮಾಡಿಕೊಂಡಿದ್ದೆ, ವ್ಯರ್ಥವಾಯಿತು.

ಇನ್ನೊಂದೇ ಪ್ರಶ್ನೆ. ಜಾತ್ರೆಗೆ ನಾಟಕ ಕಂಪನಿಗಳು ಬಂದಿರುತ್ತವಂತೆ. ಒಬ್ಬಳೇ ಹೋಗಿ ನೋಡಬಹುದಾ?

ಇಳಕಲ್ ಸೆರಗು, ಬಾಗಲಕೋಟೆ

ತೇರು ಮುಗಿದ ಮೇಲೂ ನಾಟಕ ನಡೆಯುತ್ತಲೇ ಇರುತ್ತವೆ. ಹೆಂಗಸರು ತುಂಬಾ ಬರುತ್ತಾರೆ. ಮೊದಲಿನ ಆಟಕ್ಕೆ ಹೋಗಿ, ತಡರಾತ್ರಿಯದ್ದು ಬೇಡ. ವಾಪಸ್ ಬರುವ ಆಟೋ ಮೊದಲೇ ಹೇಳಿಟ್ಟಿರಿ.

ಸಂಪಿಗೆ ಮರ, ಮೈಸೂರು

ಕಂಪನಿ ನಾಟಕ ನೋಡದೆ ನನಗೆ ಎಷ್ಟು ವರ್ಷವಾಯಿತೋ. ಆ ಹೊತ್ತಿಗೆ ನಾನೂ ಹುಬ್ಬಳ್ಳಿಯಲ್ಲೇ ಇರುತ್ತೇನೆ. ನಾಟಕಕ್ಕೆ ಮಾತ್ರ ಜೊತೆಯಾಗಲಾ? ಮಿಕ್ಕ ಹೊತ್ತು ನಿಮ್ಮ ಪಾಡಿಗೆ ನೀವು, ನನ್ನ ಪಾಡಿಗೆ ನಾನು.

ತುಂಗಾತೀರ, ಶಿವಮೊಗ್ಗ

ಬನ್ನಿ ಅಮ್ಮ! ರೂಂ ಮಾತ್ರ ಬೇರೆ ಬೇರೆ.

ಬಿಳಿ ಚಾಕ್‌ಪೀಸ್, ಯಾದಗಿರಿ

ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದವರು, ನೆನಪಿರಲಿ. ಮೊದಲು ಹಗಲಲ್ಲಿ ಬನಶಂಕರಿ ಗುಡಿಯ ಮುಂದೆ, ಆ ರೊಟ್ಟಿ ಅಕ್ಕನ ಹತ್ತಿರ ಸಿಕ್ಕಿ ಮಾತಾಡಿ. ಆಮೇಲೆ ನಾಟಕದ ಟಿಕೆಟ್ ತಗೊಳ್ಳಿ.